ಅಪ್ಪಯ್ಯಣ್ಣ ಸಾಯಬಾರದು

ಹೊಸಕೋಟೆ
12 ಜನವರಿ 2025

ಸ್ವಸ್ತಿಶ್ರೀ ಪೂರ್ವ ಪಶ್ಚಿಮ ದಕ್ಷಿಣ ಸಮುದ್ರಾಧೀಶ್ವರ, ಸಮೇತನಹಳ್ಳಿ ಪುರವರಾಧೀಶ್ವರ, ಅರವತ್ತು ಟ್ರೋಫಿಗಳ ಗಂಡ, ಬಕೆಟ್ ನೀರಿಗೂ ಬೆದರುವ ಧೀರ, ಭಾರತ ನೌಕಾಪಡೆಯ ಭಾವೀ ಭೂಷಣ, ಶ್ರೀ ಶ್ರೀ ಶ್ರೀ ಭೀಮರಾಜ ಮಹಾಪ್ರಭುಗಳ ಪಾದಾರವಿಂದಗಳಿಗೆ, ಸಾಕ್ಸ್ ಒಗೆದಿದ್ದರೆ ಮಾತ್ರ, ಹೊಸಕೋಟೆಯ ತೌಹೀದ್ ಮಾಡುವ ಸಾಷ್ಟಾಂಗ ಸಲಾಮು.

ಮಹಾಪ್ರಭುಗಳೇ, ಇತ್ತ ಕ್ಷೇಮ. ತಮ್ಮ ಫೋನನ್ನು ಒಡಿಶಾದ ತರಬೇತಿ ಶಿಬಿರದವರು ಗೇಟಿನಲ್ಲೇ ಇಸಿದುಕೊಂಡರೆಂದೂ, ಭಾನುವಾರ ಹತ್ತು ನಿಮಿಷ ಮಾತ್ರ ಕೈಗೆ ಕೊಡುವರೆಂದೂ, ಆ ಹತ್ತು ನಿಮಿಷ ತಮ್ಮ ತಾಯಿಯವರಿಗೆ ಮೀಸಲೆಂದೂ ತಿಳಿಯಿತು. ಆದ್ದರಿಂದ ಈ ಕಾಗದ. ಅಂಚೆ ಕಚೇರಿಯಲ್ಲಿ ಕವರು ಕೇಳಿದಾಗ ಅಲ್ಲಿನ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ "ಏನಪ್ಪಾ, ಲವ್ವಾ?" ಎಂದರು. "ಇಲ್ಲ ಮೇಡಂ, ನೌಕಾಪಡೆ" ಎಂದೆ. ಅವರಿಗೆ ಲವ್ವೇ ಹೆಚ್ಚು ನಂಬಿಕೆಗೆ ಬಂದಂತೆ ಕಾಣಿಸಿತು.

ಸರ್ಕಲ್ಲಿನಲ್ಲಿ ನಾನು ಕಟ್ಟಿಸಿದ ಫ್ಲೆಕ್ಸ್ ಭದ್ರವಾಗಿದೆ. ಹಡಗಿನ ಮೂತಿಯ ಮೇಲೆ ನೀನು ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿದ್ದೀಯ. ಹಿಂದೆ ಅಲೆ. ನಿನ್ನ ಮುಖ ಮಾತ್ರ ನಿಮ್ಮ ಅಕ್ಕನ ಮದುವೆ ಫೋಟೋದಿಂದ ಕತ್ತರಿಸಿದ್ದಾದ್ದರಿಂದ ಸಮುದ್ರದ ನಡುವೆಯೂ ಊಟದ ಸರದಿಗೆ ಕಾಯುತ್ತಿರುವವನಂತೆ ಕಾಣುತ್ತೀಯ.

ಈಗ ರಾಜ್ಯಭಾರ. ನೀನು ಹೊರಟ ದಿನ ನಿಮ್ಮ ಮನೆಯ ಜಗಲಿಯ ಮೇಲೆ ನಮ್ಮ ವಿಡಿಯೋ ಆಟದ ಕಂಟ್ರೋಲರನ್ನು ನನ್ನ ತಲೆಯ ಮೇಲಿಟ್ಟು ಹೊತ್ತ ಹರಕೆ ನೆನಪಿದೆ. ಆಟದ ಅರವತ್ತಮೂರು ಟ್ರೋಫಿಗಳಲ್ಲಿ ಅರವತ್ತು ನಾವಿಬ್ಬರೂ ಸೇರಿ ಗೆದ್ದಾಗಿದೆ, ಉಳಿದದ್ದು ಮೂರು. ತರಬೇತಿಯಲ್ಲಿ ನೀನು ಪಾಸಾಗಬೇಕಾದ್ದೂ ಮೂರು: ಓಟ, ಹಗ್ಗ, ನೀರು. ನಾನಿಲ್ಲಿ ಒಂದು ಗೆದ್ದರೆ ನೀನಲ್ಲಿ ಒಂದು ಪಾಸು. "ಬೇರೆಯೋರು ದೇವ್ರಿಗೆ ಮುಡಿ ಕೊಡ್ತಾರೆ, ನಾವು ಟ್ರೋಫಿ ಕೊಡೋಣ ಕಣೋ" ಎಂದೆ ನೀನು. ನಾನು ನಕ್ಕೆ. ನಿಮ್ಮಮ್ಮ ನಗಲಿಲ್ಲ. ಆಯುಧಪೂಜೆಯ ದಿನ ಟೀವಿ ಪಕ್ಕದ ಆ ಆಟದ ಪೆಟ್ಟಿಗೆಗೆ ಕುಂಕುಮ ಇಟ್ಟು ನಿಂಬೆಹಣ್ಣು ನಿವಾಳಿಸಿದ ತಾಯಿ ಅವರು. ಈಗ ನಾನು ವೇರ್‌ಹೌಸಿನ ಬೆಳಗಿನ ಶಿಫ್ಟ್ ಮುಗಿಸಿ ನಿಮ್ಮ ಮನೆಗೆ ಬಂದು ಕೂತರೆ, "ಕಾಲು ತೊಳ್ಕೊಂಡು ಕೂತ್ಕೊಳ್ಳಪ್ಪ ತೌಹೀದು" ಎನ್ನುತ್ತಾರೆ. ಕಾಲು ತೊಳೆದು ವಿಡಿಯೋ ಗೇಮ್ ಆಡುವವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ.

ನಮ್ಮ ಆಟದ ನಾಯಕ, ಅಂದರೆ ಊರಿನ ನೀರಗಂಟಿ ಅಪ್ಪಯ್ಯಣ್ಣನ ಗಡ್ಡವನ್ನೇ ಹೊತ್ತು ಹುಟ್ಟಿದ್ದರಿಂದ ನಾವು ಅಪ್ಪಯ್ಯಣ್ಣ ಎಂದೇ ಕರೆಯುವ ಆ ಮಹಾವೀರ, ಆರೋಗ್ಯವಾಗಿದ್ದಾನೆ. ನೂರನಲವತ್ತು ದೀಪಗಳನ್ನು ಹಚ್ಚುವ ಟ್ರೋಫಿಗೆ ಇನ್ನು ಹನ್ನೊಂದು ದೀಪ ಬಾಕಿ.

ನಿಮ್ಮಮ್ಮ ನಿನ್ನೆ ಕೇಳಿದರು, "ಅಲ್ಲಿ ನೀರು ಮೊಣಕಾಲುದ್ದ ಅಷ್ಟೇ ಅಂತಾನಲ್ಲ, ನಿಜಾನೇನಪ್ಪಾ?" ಎಂದು. "ಕೆಲವು ಕಡೆ ಪಾದದಷ್ಟು ಅಮ್ಮ" ಎಂದೆ. ನಿನ್ನ ಸುಳ್ಳಿಗೆ ನನ್ನ ಸೇವೆ.

ಇಂತು ಪಾದಸೇವಕ,
ತೌಹೀದ್


ಒಡಿಶಾ
24 ಜನವರಿ 2025

ತೌಹೀದ್,

ಕಾಗದ ಬಂತು. ನಿನ್ನ ಬಿರುದುಗಳನ್ನು ಪಕ್ಕದ ಮಂಚದ ವಿಜಯಪುರದ ಹುಡುಗ ಗಟ್ಟಿಯಾಗಿ ಓದಿದ. ಈಗ ಎಲ್ಲರೂ ನನ್ನನ್ನು ಅಧೀಶ್ವರ ಎನ್ನುತ್ತಾರೆ. ನಿನಗೆ ಒಳ್ಳೆಯದಾಗಲಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಅನ್ನ ಇದೆ, ಮುದ್ದೆ ಇಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸುತ್ತಾರೆ. ಹದಿನೆಂಟನೇ ತಾರೀಕು ಓಟದ ಪರೀಕ್ಷೆ ಇತ್ತು. ಪಾಸಾದೆ. ದೀಪದ ಟ್ರೋಫಿ ಯಾವತ್ತು ಬಂತು, ತಾರೀಕು ಬರೆ. ಸುಮ್ಮನೆ ಕೇಳುತ್ತಿದ್ದೇನೆ.

ಈಜು ಕಲಿಸುತ್ತಿದ್ದಾರೆ. ಕೊಳ ನೀಲಿಯಾಗಿದೆ. ಪರವಾಗಿಲ್ಲ.

ಅಮ್ಮನಿಗೆ ಈಜಿನ ವಿಷಯ ಹೇಳಬೇಡ.

ಭೀಮ


ಹೊಸಕೋಟೆ
4 ಫೆಬ್ರವರಿ 2025

ಓಟವಿಜೇತ, ಮುದ್ದೆವಿರಹಿ, ನೀಲಕೊಳವಿಹಾರಿ ಅಧೀಶ್ವರರಿಗೆ,

ದೀಪದ ಟ್ರೋಫಿ ಬಂದದ್ದು ಜನವರಿ ಹದಿನೇಳು, ಸಂಜೆ. ಅಂದರೆ ನಿನ್ನ ಓಟದ ಹಿಂದಿನ ದಿನ. ಇದನ್ನು ನಾನು ನನ್ನ ತಂಗಿ ಶಾಝಿಯಾಳಿಗೆ ಹೇಳಿದೆ. ಅವಳು, "ಅವನು ಓಡಿದ್ದು ಅವನ ಕಾಲಿಂದ. ನಿನ್ ಹೆಬ್ಬೆರಳಿಂದ ಅಲ್ಲ" ಎಂದಳು. ಬಿ.ಎಸ್ಸಿ. ಓದುವವರಿಗೆ ಭಕ್ತಿ ಕಡಿಮೆ.

ಎರಡನೆಯದೂ ಆಯಿತು. ಕೆರೆಯ ಸರ್ಪವನ್ನು ಕವಚವಿಲ್ಲದೆ ಕೊಲ್ಲುವುದು. ಮೊನ್ನೆ ಭಾನುವಾರ ಅಪ್ಪಯ್ಯಣ್ಣ ಬರೀ ಚಡ್ಡಿಯಲ್ಲಿ ಇಪ್ಪತ್ತೇಳು ಸಲ ಸತ್ತು ಇಪ್ಪತ್ತೆಂಟನೇ ಸಲ ಸರ್ಪದ ಕಣ್ಣಿಗೆ ಈಟಿ ಹಾಕಿದ. ನಿಮ್ಮಮ್ಮ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದವರು, "ಪಾಪ, ಅದೇನ್ ಮಾಡಿತ್ತಪ್ಪಾ ಇವನಿಗೆ?" ಎಂದರು.

ಉಳಿದದ್ದು ಒಂದೇ, "ಅಮರ". ಹನ್ನೆರಡು ಅಧ್ಯಾಯ, ಒಂದೂ ಸಾವಿಲ್ಲದೆ. ಒಮ್ಮೆ ಸತ್ತರೆ ಆಟವೇ ಅಳಿಸಿಹೋಗಿ ಮತ್ತೆ ಮೊದಲಿಂದ. ಇದಕ್ಕೆ ನಾನು ನಿಧಾನವಾಗಿ ಕೈ ಹಾಕುತ್ತೇನೆ, ಆತುರವೇನು? ನೀರಿನ ವಿಷಯದಲ್ಲಿ ನಿನಗೆ ಭಯವೇ ಇಲ್ಲವೆಂದು ನಿನ್ನ ಕಾಗದದಿಂದ ತಿಳಿದು ಬಹಳ ಸಂತೋಷವಾಯಿತು. ಕೊಳದಲ್ಲಿ ಮೊಸಳೆ ಬಿಟ್ಟಿದ್ದಾರೆಯೇ ಎಂದು ವಿಚಾರಿಸಿ ತಿಳಿಸು.

ಪಾದಸೇವಕ,
ತೌಹೀದ್


ಒಡಿಶಾ
17 ಫೆಬ್ರವರಿ 2025

ತೌಹೀದ್,

ಹಗ್ಗ ಹತ್ತುವ ಪರೀಕ್ಷೆ ಫೆಬ್ರವರಿ ಐದಕ್ಕೆ ಆಯಿತು. ಪಾಸಾದೆ. ನೀನು ಸರ್ಪ ಕೊಂದದ್ದು ಎರಡಕ್ಕೆ. ನಾನು ಅದನ್ನು ನೋಟ್ ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ. ನಗಬೇಡ.

ಮೊಸಳೆ ಇಲ್ಲ. ನಿನಗೆ ನಿಜ ಹೇಳುತ್ತೇನೆ. ಕೊಳದ ಪಕ್ಕ ಒಂದು ಹಲಗೆ ಇದೆ. ಐದು ಮೀಟರ್ ಎತ್ತರ. ಅದರಿಂದ ಹಾರಿ ಆ ದಡಕ್ಕೆ ಈಜಬೇಕು. ಈಜು ಹೇಗೋ ಬರುತ್ತಿದೆ. ಹಾರಲು ಆಗುತ್ತಿಲ್ಲ. ಮೂರು ಸಲ ಹತ್ತಿದೆ, ಮೂರು ಸಲವೂ ಏಣಿಯಿಂದಲೇ ಇಳಿದೆ. ಮೇಲೆ ನಿಂತರೆ ಕಿವಿಯೊಳಗೆ ಏನೋ ಗುಂಯ್ ಎನ್ನುತ್ತದೆ, ಕಾಲು ನನ್ನದಲ್ಲ ಅನ್ನಿಸುತ್ತದೆ. ನಮ್ಮ ಕಡೆ ನೀರು ಕಂಡವರು ಯಾರು ಹೇಳು. ನಾವು ಟ್ಯಾಂಕರ್ ನೋಡಿ ಬೆಳೆದವರು.

ಮಾರ್ಚ್ 13, ಗುರುವಾರ, ಕೊನೆಯ ಅವಕಾಶ. ಆಗದಿದ್ದರೆ ಮನೆಗೆ ಕಳಿಸುತ್ತಾರೆ. ಬಸ್ ಇಳಿದ ತಕ್ಷಣ ಎದುರಿಗೆ ನಿನ್ನ ಫ್ಲೆಕ್ಸ್. ಅದರ ಕೆಳಗೆ ಹಾದು ನಾನು ಮನೆಗೆ ಹೋಗಬೇಕು. ಅಮ್ಮ ಬೀದಿಗೆಲ್ಲ ಪಾಯಸ ಹಂಚಿದ್ದಾಳೆ.

ಎರಡು ಸಲ ನಿನ್ನ ಟ್ರೋಫಿ ಬಂತು, ಎರಡು ಸಲ ನಾನು ಪಾಸಾದೆ. ಮೂರನೆಯದು ಬಂತೆಂದು ನಿನ್ನ ಕಾಗದ ಬಂದರೆ ಕಣ್ಣು ಮುಚ್ಚಿ ಹಾರುತ್ತೇನೆ. ಬರದಿದ್ದರೆ ಹಾರುವುದಿಲ್ಲ. ಇದು ಹುಚ್ಚು ಎಂದು ನನಗೂ ಗೊತ್ತು. ಆದರೆ ರಾತ್ರಿ ಮಲಗಿದಾಗ ಬೇರೆ ಯಾವುದೂ ಹಿಡಿದುಕೊಳ್ಳಲು ಸಿಗುವುದಿಲ್ಲ.

ಸುಳ್ಳು ಬರೆಯಬೇಡ. ನೀನು ಎಲ್ಲದಕ್ಕೂ ಸುಳ್ಳು ಹೇಳುತ್ತೀಯ, ಇದಕ್ಕೆ ಬೇಡ.

ಭೀಮ


ಹೊಸಕೋಟೆ
26 ಫೆಬ್ರವರಿ 2025

ಅಧೀಶ್ವರರೇ,

ಬಿರುದು ಬರೆಯಲು ಕೂತೆ, ಬರುತ್ತಿಲ್ಲ.

ಲೋ, ಮೊಸಳೆ ಅಂತೆಲ್ಲ ಬರೆದೆನಲ್ಲ, ಅದನ್ನು ಮರೆತುಬಿಡು. ಶಾಝಿಯಾ ನಿನ್ನ ಕಾಗದ ಓದಿ, "ಇದು ಆಟ ಅಲ್ಲ ಭಾಯ್, ಅವನಿಗೆ ಹೇಳು ಹರಕೆ ಗಿರಕೆ ಎಲ್ಲ ತಮಾಷೆ ಅಂತ" ಎಂದಳು. ಸರಿ, ಹೇಳುತ್ತೇನೆ: ಹರಕೆ ತಮಾಷೆ. ನೀನು ನಂಬುವುದಿಲ್ಲ ಎಂದೂ ಗೊತ್ತು. ಯಾಕೆಂದರೆ ನಾನೂ ನಂಬುತ್ತಿಲ್ಲ.

"ಅಮರ" ಶುರು ಮಾಡಿದ್ದೇನೆ. ಏಳನೇ ಅಧ್ಯಾಯದಲ್ಲಿದ್ದೇನೆ. ಮೊದಲೆಲ್ಲ ಅಪ್ಪಯ್ಯಣ್ಣ ಸತ್ತರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು, ನೆನಪಿದೆಯಾ? ಈಗ ಅವನು ಒಂದು ಮೆಟ್ಟಿಲು ಇಳಿದರೂ ನನ್ನ ಅಂಗೈ ಬೆವರುತ್ತದೆ. ಬಾಗಿಲು ತೆರೆಯುವ ಮೊದಲು ಐದು ನಿಮಿಷ ಅದರ ಮುಂದೆ ನಿಲ್ಲಿಸಿಕೊಂಡಿರುತ್ತೇನೆ. ನಿನ್ನೆ ಒಂದು ಬಾವಲಿ ಬಂದದ್ದಕ್ಕೆ ನಾನು ಕಿರುಚಿದೆ. ನಿಮ್ಮಮ್ಮ ಅಡುಗೆ ಮನೆಯಿಂದ ಓಡಿ ಬಂದರು.

"ಯಾಕಪ್ಪಾ ಹಿಂಗೆ ನಡುಗ್ತಿದೀಯ? ಜ್ವರವಾ?"

"ಇಲ್ಲಮ್ಮ, ಚಳಿ."

"ಶಿವರಾತ್ರಿ ಬಂತಲ್ಲೋ, ಇನ್ನೆಲ್ಲಿ ಚಳಿ?"

ಕಂಬಳಿ ಹೊದಿಸಿ ಹೋದರು. ಕಂಬಳಿಯೊಳಗೆ ಕೂತು ನಿನ್ನ ಜೀವವನ್ನು ಹೆಬ್ಬೆರಳಲ್ಲಿ ಹಿಡಿದುಕೊಂಡು ಆಡುತ್ತಿದ್ದೇನೆ. ಭಾನುವಾರದಿಂದ ರಂಜಾನಿನ ರೋಜಾ ಶುರುವಾಗುತ್ತದೆ. ಗೆದ್ದರೆ ಮಾತ್ರ ಗೆದ್ದೆ ಎಂದು ಬರೆಯುತ್ತೇನೆ.

ತೌಹೀದ್


ಹೊಸಕೋಟೆ
3 ಮಾರ್ಚ್ 2025

ವಿಜಯಪತ್ರಿಕೆ!

ಅಖಂಡ ಸಮೇತನಹಳ್ಳಿ ಮಂಡಲದ ಸಮಸ್ತ ಪ್ರಜೆಗಳಿಗೂ, ಒಡಿಶಾ ಶಿಬಿರದ ಸಮಸ್ತ ಅಧಿಕಾರಿಗಳಿಗೂ, ನೀಲಿ ಕೊಳಕ್ಕೂ, ಐದು ಮೀಟರ್ ಹಲಗೆಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಅಪ್ಪಯ್ಯಣ್ಣ ಅಮರನಾದ. ಅರವತ್ತಮೂರಕ್ಕೆ ಅರವತ್ತಮೂರು.

ಇವತ್ತು ಮಧ್ಯಾಹ್ನ, ಹನ್ನೆರಡನೇ ಅಧ್ಯಾಯ. ರೋಜಾ ಹಿಡಿದು ಬಾಯಿ ಒಣಗಿತ್ತು. ಅಪ್ಪಯ್ಯಣ್ಣನ ಪ್ರಾಣದ ಪಟ್ಟಿಯಲ್ಲಿ ಒಂದು ಗೆರೆ ಉಳಿದಿತ್ತು, ಒಂದೇ ಗೆರೆ. ಹಿತ್ತಿಲಲ್ಲಿ ನಿಮ್ಮಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದರು. ಕುಟ್ಟುವ ಸದ್ದಿಗೂ ನನ್ನ ಎದೆಗೂ ತಾಳ ಸರಿಹೋಗಿತ್ತು. ಕೊನೆಯ ರಾಕ್ಷಸ ಬಿದ್ದ. ಮೂಲೆಯಲ್ಲಿ ಟಿಂಗ್ ಎಂದಿತು. ಅದರ ಬೆನ್ನಿಗೇ ಎಲ್ಲ ಗೆದ್ದವರಿಗೆ ಕೊಡುವ ಪ್ಲಾಟಿನಂ ಬಂತು. ಕುಣಿಯುತ್ತೇನೆ ಎಂದುಕೊಂಡಿದ್ದೆ. ಕಂಟ್ರೋಲರನ್ನು ಕಣ್ಣಿಗೊತ್ತಿಕೊಂಡು ಪೆನ್ನು ಹುಡುಕಿದೆ ಕಣೋ.

ಹಾರು. ಈ ಕಾಗದ ಹದಿಮೂರರೊಳಗೆ ತಲುಪಲಿ ಎಂದು ಇದನ್ನು ಈಗಲೇ ಕೆಂಪು ಡಬ್ಬಕ್ಕೆ ಹಾಕಲು ಓಡುತ್ತಿದ್ದೇನೆ.

ಪಾದಸೇವಕ,
ತೌಹೀದ್


ಹೊಸಕೋಟೆ
5 ಮಾರ್ಚ್ 2025
ಸ್ಪೀಡ್ ಪೋಸ್ಟ್

ಭೀಮ,

ಹಾರಬೇಡ.

ಮೊನ್ನೆ ಬರೆದದ್ದು ಸುಳ್ಳು. ಟ್ರೋಫಿ ಬಂದಿಲ್ಲ. ಅಪ್ಪಯ್ಯಣ್ಣ ಸತ್ತ.

ನನ್ನಿಂದಲೇ ಸತ್ತ. ಹನ್ನೊಂದನೇ ಅಧ್ಯಾಯದಲ್ಲಿ ಆ ಗೋಪುರ ಇದೆಯಲ್ಲ, ಕೆಳಗೆ ಕೆರೆ. ನಿಮ್ಮಮ್ಮ ಪಕ್ಕದಲ್ಲಿ ಕೂತಿದ್ದರು. "ನಮ್ ಭೀಮ ಇಷ್ಟೆತ್ತರದ ಹಡಗಲ್ಲಿ ನಿಂತ್ಕೊತಾನೇನಪ್ಪಾ?" ಎಂದರು. ನನ್ನ ಬಾಯಿಗೆ ಬೀಗ ಇಲ್ಲವಲ್ಲ, "ನಿಂತ್ಕೊಳ್ಳೋದೇನಮ್ಮಾ, ಹಾರೇ ಬಿಡ್ತಾನೆ, ನೋಡಿ ಹಿಂಗೆ" ಎಂದು ಅವರನ್ನು ನಗಿಸಲು ಗುಂಡಿ ಒತ್ತಿದೆ. ಕೆಳಗೆ ಕೆರೆಯಲ್ಲಿ ನೀರಿರಲಿಲ್ಲ. ಕೆಸರಿತ್ತು.

ನಿಮ್ಮಮ್ಮ ಸ್ವಲ್ಪ ಹೊತ್ತು ನೋಡಿ, "ಯಾಕಪ್ಪಾ ಏಳ್ತಿಲ್ಲ?" ಎಂದರು.

"ಮಲಗವ್ನೆ ಅಮ್ಮ."

ಆಟ ಪೂರ್ತಿ ಅಳಿಸಿಹೋಯಿತು. ಆಮೇಲೆ ರೋಜಾ ಹಿಡಿದ ಬಾಯಲ್ಲೇ ನಿನಗೆ ಗೆದ್ದೆನೆಂದು ಬರೆದು ಡಬ್ಬಕ್ಕೆ ಹಾಕಿದೆ. ಹಾಕಿದ ಮೇಲೆ ಡಬ್ಬದ ಬಾಯೊಳಗೆ ಕೈ ತೂರಿಸಿ ನೋಡಿದೆ. ಮೊಣಕೈವರೆಗೂ ಹೋಗುವುದಿಲ್ಲ.

ಭಾನುವಾರ ನಿಮ್ಮಮ್ಮನ ಫೋನಿನಲ್ಲಿ ನಾನೇ ಮಾತಾಡಲೇ ಎಂದು ಯೋಚಿಸಿದೆ. ಅವರ ಮುಂದೆ ಹಲಗೆ, ನೀರು ಎಂದು ಹೇಗೆ ಹೇಳಲಿ? ಅವರ ಎದೆ ಒಡೆದುಹೋಗುತ್ತದೆ.

ಏಣಿ ಇದೆಯಲ್ಲ, ಇಳಿದು ಬಾ. ಫ್ಲೆಕ್ಸ್ ನಾನೇ ಬಿಚ್ಚುತ್ತೇನೆ. ಯಾರಾದರೂ ನಕ್ಕರೆ ನನ್ನನ್ನು ನೋಡಿ ನಗುವ ಹಾಗೆ ಏನಾದರೂ ಮಾಡುತ್ತೇನೆ, ಅದರಲ್ಲಿ ನನಗೆ ಅಭ್ಯಾಸವಿದೆ. ನಮ್ಮ ವೇರ್‌ಹೌಸಿನಲ್ಲಿ ಕೆಲಸ ಕೊಡಿಸುತ್ತೇನೆ. ಅಲ್ಲಿ ನೀರು ಕುಡಿಯಲಿಕ್ಕೂ ಸರಿಯಾಗಿ ಸಿಗುವುದಿಲ್ಲ, ಹೆದರಬೇಕಾಗಿಲ್ಲ.

ಬಂದುಬಿಡು.

ತೌಹೀದ್


ಒಡಿಶಾ
16 ಮಾರ್ಚ್ 2025

ತೌಹೀದ್,

ನಿನ್ನ ಸ್ಪೀಡ್ ಪೋಸ್ಟ್ ಹನ್ನೊಂದನೇ ತಾರೀಕೇ ಬಂತು. "ಮೊನ್ನೆ ಬರೆದದ್ದು ಸುಳ್ಳು" ಎಂದಿತ್ತು. ಯಾವ ಮೊನ್ನೆ? ನನಗೆ ಯಾವ ಕಾಗದವೂ ಬಂದಿರಲಿಲ್ಲ. ಅಪ್ಪಯ್ಯಣ್ಣ ಸತ್ತ ಎಂಬುದು ಮಾತ್ರ ಅರ್ಥವಾಯಿತು. ಆವತ್ತು ಊಟ ಬಿಟ್ಟೆ.

ಹನ್ನೆರಡಕ್ಕೆ ಪೆಟ್ಟಿಗೆ ಕಟ್ಟಿಕೊಂಡೆ. ನಿಜವಾಗಿ. ಬಟ್ಟೆಯೆಲ್ಲ ಮಡಚಿಟ್ಟೆ.

ಹದಿಮೂರಕ್ಕೆ ಹೆಸರು ಕರೆದರು, ಹತ್ತಿದೆ. ಇಳಿಯೋಣ ಎಂದೇ ಹತ್ತಿದ್ದು. ಮೇಲೆ ನಿಂತಾಗ ಅದೇ ಗುಂಯ್ ಸದ್ದು, ಅದೇ ಕಾಲು. ಕೆಳಗಿನಿಂದ ಈಜು ಕಲಿಸುವ ನಮ್ಮ ಉಸ್ತಾದ್ ಕೂಗಿದರು, "ಯಾರಿಗೆ ಕಾಯ್ತಿದ್ದೀಯೋ?" ಎಂದು. ಹಿಂದಿಯಲ್ಲಿ ಕೇಳಿದ್ದು. ನಾನು ಕನ್ನಡದಲ್ಲೇ "ಯಾರೂ ಇಲ್ಲ ಸಾರ್" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಹೌದಲ್ಲ, ಈಗ ಯಾರೂ ಇಲ್ಲ. ಎರಡು ತಿಂಗಳು ನಿನ್ನ ಕಾಗದಕ್ಕೆ ಕಾದಿದ್ದೆ. ಕಾಗದ ಬಂದಾಯಿತು, ಸುದ್ದಿ ಕೆಟ್ಟದ್ದೇ. ಇನ್ನು ಬರುವುದು ಏನೂ ಇಲ್ಲ. ನನ್ನ ಪರವಾಗಿ ಗೆಲ್ಲುವವನು ಕೆಸರಿನಲ್ಲಿ ಬಿದ್ದಿದ್ದಾನೆ.

ಹೆದರಿಕೆ ಹೋಯಿತು ಎಂದುಕೊಳ್ಳಬೇಡ. ನೀರಿಗೆ ಬೀಳುವ ಮೊದಲೇ ಚಡ್ಡಿ ಒದ್ದೆಯಾಗಿತ್ತು. ನೀರಿಗೆ ಬಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ, ಫ್ಲೆಕ್ಸಿನ ಮೇಲೆ ಹಾಕಿಸಬೇಡ.

ಹಾರಿದೆ ಕಣೋ. ಮೂಗು, ಕಿವಿ, ಬಾಯಿ ಎಲ್ಲ ಕಡೆ ನೀರು. ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ. ಸತ್ತೆ ಎಂದುಕೊಂಡೆ. ಆಮೇಲೆ ಬೆಳಕು ಕಂಡಿತು, ಕೈ ಬಡಿದೆ, ದಡ ಸಿಕ್ಕಿತು. ಪಾಸು.

ನಿನ್ನ ವಿಜಯಪತ್ರಿಕೆ ನಿನ್ನೆ ಬಂತು, ಎಲ್ಲ ಮುಗಿದ ಮೇಲೆ. ಓದುತ್ತಾ ನಕ್ಕೆ, ಆಮೇಲೆ ಇನ್ನೊಮ್ಮೆ ಓದಿದೆ. ಎಷ್ಟು ಚೆನ್ನಾಗಿ ಸುಳ್ಳು ಬರೆದಿದ್ದೀಯ, ಹುಣಸೆಹಣ್ಣು ಕುಟ್ಟುವ ಸದ್ದು ಸಮೇತ! ಅದು ಮೊದಲು ಬಂದಿದ್ದರೆ ನಾನು ನಂಬಿ ಹಾರುತ್ತಿದ್ದೆ, ಜೀವಮಾನವೆಲ್ಲ ಟ್ರೋಫಿಯಿಂದ ಪಾಸಾದೆ ಎಂದುಕೊಂಡಿರುತ್ತಿದ್ದೆ. ನೀನು ಮೊದಲ ಸಲ ನನಗೆ ನಿಜ ಬರೆದೆ. ಆ ನಿಜವೇ ನನ್ನನ್ನು ಹಾರಿಸಿತು. ಅದನ್ನು ಮರೆಯುವುದಿಲ್ಲ.

ಇವತ್ತು ಫೋನಿನಲ್ಲಿ ಅಮ್ಮನನ್ನು ಕೇಳಿದೆ, "ಟೀವೀಲಿ ಗಡ್ಡದೋನು ಬಿದ್ದಿದ್ದು ನೋಡಿ ಹೆದರ್ಕೊಂಡ್ಯಾ?" ಎಂದು. "ಯಾವ ಗಡ್ಡದೋನೋ? ನಂಗೊತ್ತಿಲ್ಲಪ್ಪ" ಎಂದಳು. ನಾನು ಹೆದರಬಾರದೆಂದು ಮುಚ್ಚಿಡುತ್ತಿದ್ದಾಳೆ, ಪಾಪ.

ಭೀಮ


ಹೊಸಕೋಟೆ
2 ಏಪ್ರಿಲ್ 2025

ಶ್ರೀಮದ್ ಐದುಮೀಟರ್‌ಲಂಘನ, ಉಸ್ತಾದ್‌ಮನೋರಂಜನ, ಗುಪ್ತಜಲಧಾರಾಪ್ರವರ್ತಕ, ಸಮುದ್ರಾಧೀಶ್ವರ ಭೀಮರಾಜ ಚಕ್ರವರ್ತಿಗಳಿಗೆ ಈದ್ ಮುಬಾರಕ್ ಪೂರ್ವಕ ಬಹುಪರಾಕು.

ತಮ್ಮ ಕಾಗದ ಬಂದು ವಾರವಾಯಿತು. ಉತ್ತರಕ್ಕೆ ತಡವಾದದ್ದು ಹಬ್ಬದಿಂದ ಎಂದು ಬರೆಯಬೇಕೆಂದಿದ್ದೆ. ಹಬ್ಬ ಮೊನ್ನೆ ಒಂದೇ ದಿನ ಇತ್ತು.

ನೀನು ಪಾಸಾದದ್ದನ್ನು ನಿಮ್ಮಮ್ಮನಿಗೆ "ಲೆಕ್ಕದ ಪರೀಕ್ಷೆ" ಎಂದು ಹೇಳಿದ್ದೇನೆ. ಅವರು ಶೀರ್ ಖುರ್ಮಾ ಕುಡಿಯಲು ನಮ್ಮ ಮನೆಗೆ ಬಂದಿದ್ದರು. ನಮ್ಮಮ್ಮನಿಗೆ ಹೇಳಿದರು, "ನಮ್ ಹುಡ್ಗಂಗೆ ಲೆಕ್ಕ ಅಂದ್ರೆ ಪ್ರಾಣ" ಎಂದು. ನಾನು ಬಟ್ಟಲಲ್ಲಿ ಮುಖ ಇಟ್ಟುಕೊಂಡೆ. ನಿನ್ನ ಕಾಗದವನ್ನು ಶಾಝಿಯಾ ಎರಡು ಸಲ ಓದಿ, "ನೋಡು, ನಿಜ ಹೇಳಿದ್ರೆ ಎಷ್ಟು ಒಳ್ಳೇದಾಗತ್ತೆ" ಎಂದು ನನ್ನ ಬೆನ್ನು ತಟ್ಟಿದಳು. ಅವಳು ನನ್ನ ಬೆನ್ನು ತಟ್ಟಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಆದ್ದರಿಂದ ಅವಳಿಗೆ ಏನೂ ಹೇಳಿಲ್ಲ.

ನಿನಗೆ ಹೇಳುತ್ತೇನೆ. ಸಣ್ಣ ವಿಷಯ.

ಅಪ್ಪಯ್ಯಣ್ಣ ಸತ್ತಿಲ್ಲ. ಗೋಪುರದಿಂದ ಹಾರಲಿಲ್ಲ, ಕೆಸರಿಗೆ ಬೀಳಲಿಲ್ಲ, ನಿಮ್ಮಮ್ಮ ಯಾರನ್ನೂ ಯಾಕೆ ಏಳುತ್ತಿಲ್ಲ ಎಂದು ಕೇಳಲಿಲ್ಲ. ಅವರು ಮುಚ್ಚಿಟ್ಟದ್ದು ಏನೂ ಇಲ್ಲ. ವಿಜಯಪತ್ರಿಕೆ ಅಕ್ಷರ ಅಕ್ಷರವೂ ನಿಜ. ಬಂದಾಗ ನೋಡಿಕೋ, ಟ್ರೋಫಿಯ ಕೆಳಗೆ ಯಂತ್ರವೇ ಬರೆದಿದೆ: ಮಾರ್ಚ್ 3, ಮಧ್ಯಾಹ್ನ 3:42. ರೋಜಾ ಹಿಡಿದು ನಾನು ಹೇಳಿದ ಸುಳ್ಳು ಸ್ಪೀಡ್ ಪೋಸ್ಟಿನದು.

ಆವತ್ತು ಕಾಗದ ಡಬ್ಬಕ್ಕೆ ಹಾಕಿ, ಮರೆತ ಹೆಲ್ಮೆಟ್ಟಿಗೆ ನಿಮ್ಮ ಮನೆಗೆ ವಾಪಸ್ ಹೋದೆ. ನಿಮ್ಮಮ್ಮ ಹುಣಸೆಹಣ್ಣಿನ ಕೈಯಲ್ಲೇ ಬಂದು, "ಚಿಕ್ಕೋನಿದ್ದಾಗ ತಲೆ ಮೇಲೆ ಒಂದು ಚೊಂಬು ನೀರು ಹುಯ್ದ್ರೂ ಉಸಿರು ಕಟ್ಟೋನು ಕಣಪ್ಪ. ಮೊಣಕಾಲುದ್ದ ಅಂದ್ನಲ್ಲ, ಅದಕ್ಕೇ ಕಳಿಸ್ದೆ" ಎಂದರು. ಅಲ್ಲಿಂದ ಎರಡು ದಿನ ನಾನು ನಿದ್ದೆ ಮಾಡಲಿಲ್ಲ.

ನೀನು ಹಾರಿಬಿಡ್ತೀಯ ಅಂತ ನನಗೆ ಹೆದರಿಕೆ ಆಯ್ತು ಕಣೋ.

ತೌಹೀದ್